16 ವರ್ಷ ಮುಚ್ಚಿಟ್ಟ ಕಾದಂಬರಿ: ಮತ್ತೆ ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ: ಸರ್, ನಾನು ಚಿತ್ತಾಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವಯಸ್ಸು 47. 2005ರಲ್ಲಿ ಒಂದು ಕಾದಂಬರಿ ಶುರು ಮಾಡಿದ್ದೆ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಒಂದು ಮನೆತನದ ಕಥೆ, 1993ರಿಂದ 1996ರ ತನಕ ನಡೆಯುತ್ತದೆ. ನಮ್ಮ ತಂದೆಯವರೂ ಅದೇ ಕೆಲಸದಲ್ಲಿದ್ದರು. 182 ಪುಟ ಆದಮೇಲೆ 2009ರಲ್ಲಿ ನಿಂತುಹೋಯಿತು. ವರ್ಗಾವಣೆ, ಎರಡು ಸಣ್ಣ ಮಕ್ಕಳು, ಹೀಗೇ ಏನೇನೋ. 2012ರಲ್ಲಿ ತಂದೆ ಹೋದರು. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಮತ್ತೆ ಬರೆಯಬೇಕು ಅನಿಸುತ್ತಿದೆ. ಆದರೆ ಪಾತ್ರಗಳೇ ಮರೆತುಹೋಗಿವೆ. ಮೊದಲಿಂದ ಬರೆಯಲೋ, ಬಿಟ್ಟಲ್ಲಿಂದ ಹಿಡಿಯಲೋ? ಅರ್ಧ ಭಾಗ ನೋಟ್‌ಬುಕ್ಕಿನಲ್ಲಿದೆ. ಇನ್ನರ್ಧ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿದ್ದೆ, ಈಗ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಪರಿಚಯದ ಲೇಖಕರೊಬ್ಬರು "ಅಷ್ಟು ವರ್ಷ ಬಿಟ್ಟದ್ದು ಸತ್ತಂಗೇ, ಹೊಸದೇನಾದ್ರೂ ಬರೀರಿ" ಅಂದರು. ಹೌದಾ? ಅಲ್ಲಲ್ಲಿಂದ 30 ಪುಟದ ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ. ಸಂಬಂಧಿಕರು ಗುರುತು ಹಿಡಿದರೆ ಏನು ಮಾಡಲಿ?

ಉತ್ತರ: ಅಕ್ಕೋರೇ, ನೀವು ಕಳಿಸಿದ 30 ಪುಟವನ್ನೂ ಎರಡು ಸಲ ಓದಿದೆ. ಅದಕ್ಕೇ ಉತ್ತರ ಸ್ವಲ್ಪ ತಡ ಆಯ್ತು.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಇಷ್ಟು ವರ್ಷ ಬಿಟ್ಟದ್ದಕ್ಕೆ ಇನ್ನೂ ಜೀವ ಇದೆಯಾ ಅನ್ನೋದು ಒಂದು. ಎಲ್ಲಿಂದ ಹಿಡಿಯಬೇಕು ಅನ್ನೋದು ಇನ್ನೊಂದು. ಮೂರನೆಯದನ್ನು ನೀವು ಕೇಳಿಲ್ಲ, ಆದರೆ ಪತ್ರದಲ್ಲಿ ಅದು ಇದೆ: ಅದು ನಿಂತದ್ದಾದರೂ ಯಾಕೆ? ನನ್ನ ಪ್ರಕಾರ ಮೂರನೆಯದು ಗೊತ್ತಾಗದೆ ಎರಡನೆಯದಕ್ಕೆ ಉತ್ತರ ಸಿಗಲ್ಲ. ಕಲಬುರಗಿಯಲ್ಲಿ ಕೂತು 20 ವರ್ಷದ ಮೇಲಾಯ್ತು ನಾನು ಬೇರೆಯವರ ಹಸ್ತಪ್ರತಿ ತಿದ್ದುತ್ತಾ. ಅರ್ಧಕ್ಕೆ ನಿಂತವನ್ನು ಬಹಳ ನೋಡಿದ್ದೇನೆ. ನಿಂತದ್ದಕ್ಕೆ ಜನ ಹೇಳುವ ಕಾರಣ ಒಂದು, ಪುಟಗಳಲ್ಲಿ ಕಾಣುವ ಕಾರಣ ಇನ್ನೊಂದು.

ಮೊದಲು ಆ "ಸತ್ತಂಗೇ" ಅನ್ನೋ ಮಾತನ್ನು ಬದಿಗಿಡೋಣ. ಅದು ಸುಳ್ಳು. ಮಾರ್ಕ್ ಟ್ವೇನ್ ಹಕಲ್‌ಬೆರಿ ಫಿನ್‌ನ ಕಥೆಯನ್ನು 1876ರಲ್ಲಿ ಶುರು ಮಾಡಿ, ಅರ್ಧಕ್ಕೆ ಬಿಟ್ಟು, ಮಧ್ಯೆ ಬೇರೆ ಪುಸ್ತಕಗಳನ್ನು ಬರೆದು, ಕೊನೆಗೆ ಮುಗಿಸಿದ್ದು 1883ರಲ್ಲಿ. ಬರೆಯುವವನೊಳಗಿನ ತೊಟ್ಟಿ ಕೆಲವು ಸಲ ಬರಿದಾಗುತ್ತೆ, ಆಗ ಬಿಟ್ಟು ಬೇರೆ ಕೆಲಸ ನೋಡಿದರೆ ಅದು ತಾನೇ ತುಂಬಿಕೊಳ್ಳುತ್ತೆ ಅಂತ ಅವನೇ ಹೇಳಿಕೊಂಡಿದ್ದಾನೆ. ನಮ್ಮ ಮಾತಿನಲ್ಲಿ ಹೇಳೋದಾದ್ರೆ ಖಡಕ್ ರೊಟ್ಟಿ ಇದ್ದಂಗೆ. ಬಿಸಿ ರೊಟ್ಟಿಯನ್ನು ಅವತ್ತೇ ತಿನ್ನಬೇಕು, ಖಡಕ್ ರೊಟ್ಟಿಯನ್ನು ಇಟ್ಟು ತಿನ್ನಬಹುದು. ಸುದ್ದಿಗೆ ಅಂಟಿಕೊಂಡು ಬರೆದದ್ದು, ಆ ವರ್ಷದ ಚುನಾವಣೆ, ಆ ವರ್ಷದ ಗಲಾಟೆ, ಅವು ಹಳಸುತ್ತವೆ. ಮನೆತನದ ಕಥೆ ಹಾಗಲ್ಲ.

ಆದರೆ ಪೂರ್ತಿ ಸುಳ್ಳೂ ಅಲ್ಲ, ಅದನ್ನೂ ಹೇಳಿಬಿಡ್ತೇನೆ. ಬರೆಯುವಾಗ 27 ವರ್ಷದ ನಿಮಗೆ ಯಾವುದರ ಮೇಲೆ ಸಿಟ್ಟಿತ್ತೋ ಆ ಸಿಟ್ಟು ಈಗ ಇರಲಿಕ್ಕಿಲ್ಲ. ಆವತ್ತಿನ ಕಿಚ್ಚನ್ನು ತಿರುಗಿ ಹಚ್ಚಲಿಕ್ಕೆ ಹೋದರೆ ನಕಲಿ ಆಗುತ್ತೆ. ಈಗಿನ ನಿಮಗೆ ಆ ಮನೆಯ ಬಗ್ಗೆ ಏನು ಅನಿಸುತ್ತೋ ಅದರಿಂದಲೇ ಮುಂದಿನದನ್ನು ಬರೆಯಬೇಕು.

ಇನ್ನು ನಿಂತ ಕಾರಣ. ವರ್ಗಾವಣೆ, ಮಕ್ಕಳು ಅಂದಿದ್ದೀರಿ. ಅದು ನಿಜವೇ, ಇಲ್ಲ ಅನ್ನಲ್ಲ. ಆದರೆ 2005ರಿಂದ 2009ರ ತನಕವೂ ನೀವು ಕೆಲಸಕ್ಕೆ ಹೋಗ್ತಿದ್ರಿ, ಮನೆ ನೋಡ್ತಿದ್ರಿ, ಆದರೂ 182 ಪುಟ ಬರೆದಿರಿ ಅಲ್ವಾ? ಸಮಯ ಇಲ್ಲದೆ ನಿಂತ ಬರಹ ಸಮಯ ಸಿಕ್ಕಾಗ ಸಾಮಾನ್ಯವಾಗಿ ತಾನೇ ಎದ್ದು ಬರುತ್ತೆ. ಏಳದೆ ಇದ್ದರೆ ಒಳಗೆಲ್ಲೋ ಗಂಟು ಬಿದ್ದಿದೆ ಅಂತ ಅರ್ಥ. ಆ ಗಂಟು ನಿಂತ ಪುಟದಲ್ಲೇ ಇರಲ್ಲ. ನಾನು ನೋಡಿದ ಮಟ್ಟಿಗೆ 30, 40 ಪುಟ ಹಿಂದೆ ಇರುತ್ತೆ. ಅಲ್ಲಿ ಏನೋ ತಪ್ಪಿರುತ್ತೆ, ಬರೆಯುವವರು ಗೊತ್ತಾಗದೆ ಮುಂದೆ ಹೋಗಿರ್ತಾರೆ, ಆಮೇಲೆ ಒಂದೊಂದು ಪುಟವೂ ಭಾರ ಆಗ್ತಾ ಆಗ್ತಾ ಒಂದು ದಿನ ಪೆನ್ನು ಏಳೋದೇ ಇಲ್ಲ.

ನಿಮ್ಮ 143ನೇ ಪುಟ ತೆಗೆಯಿರಿ. ಅಪ್ಪ ಗಣಿಯಿಂದ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದಾನೆ. ಮಗಳು ನೀರು ಕೊಡ್ತಾಳೆ. ಆಗ ಅಪ್ಪ ಅನ್ನುತ್ತಾನೆ: "ಮಗಳೇ, ನನ್ನ ಕೈಗಳಲ್ಲಿ ಇನ್ನು ಶಕ್ತಿಯಿಲ್ಲ. ನಾಳೆಯಿಂದ ನಾನು ಗಣಿಗೆ ಹೋಗಲಾರೆ."

ಈಗ 31ನೇ ಪುಟ. ಅಜ್ಜಿ ಒಳಗಿಂದ ಕೂಗ್ತಾಳೆ: "ಏನ್ ಮಾಡ್ಲತ್ತೀಯವ್ವಾ, ಹೊತ್ತು ಮುಣಗ್ತು, ದೀಪ ಹಚ್ಚಲ್ಲೇನು?"

ಎರಡನ್ನೂ ಜೋರಾಗಿ ಓದಿ ನೋಡಿ. ಅಜ್ಜಿ ಎದ್ದು ಬರ್ತಾಳೆ. ಅವಳ ಮಾತಿಗೆ ಆ ಮನೆಯ ಕತ್ತಲೆ, ಒಲೆಯ ಹೊಗೆ ಎಲ್ಲ ಕಾಣುತ್ತೆ. ಅಪ್ಪ ಮಾತ್ರ ಪಾಠದ ಪುಸ್ತಕದಿಂದ ಓದಿ ಹೇಳಿದಂಗೆ ಇದ್ದಾನೆ. ನೀವು ಕಳಿಸಿದ 30 ಪುಟದಲ್ಲಿ ಅಪ್ಪ ಐದೇ ಸಲ ಮಾತಾಡ್ತಾನೆ, ಐದು ಸಲವೂ ಹೀಗೇ. ಅಜ್ಜಿ, ಅವ್ವ, ಪಕ್ಕದ ಮನೆಯ ಚಾಚಾ, ಬಸ್ಸಿನ ಕಂಡಕ್ಟರ್, ಎಲ್ಲರೂ ಕಲಬುರಗಿ ಕಡೆಯ ಮಾತಾಡ್ತಾರೆ, ಅಪ್ಪನೊಬ್ಬನಿಗೇ ಈ ಗ್ರಂಥದ ಕನ್ನಡ. ಅಪ್ಪ ಬಂದಲ್ಲೆಲ್ಲ ನಿಮ್ಮ ನಿರೂಪಣೆಯೂ ಬದಲಾಗುತ್ತೆ. ಬೇರೆ ಕಡೆ "ಪಗಾರ" ಅಂತ ಬರೆದವರು ಇಲ್ಲಿ "ವೇತನ" ಅಂತೀರಿ. "ಬುತ್ತಿ" ಹೋಗಿ "ಊಟದ ಡಬ್ಬಿ" ಬರುತ್ತೆ.

ಇದನ್ನು ಭಾಷೆಯ ತಪ್ಪು ಅಂತ ನಾನು ನೋಡಲ್ಲ. ನನಗೆ ಅನಿಸಿದ್ದು ಹೇಳ್ತೇನೆ, ತಪ್ಪಿದ್ದರೆ ಬಿಟ್ಟುಬಿಡಿ. ನೀವು ಬರೆಯುವಾಗ ತಂದೆಯವರು ಇದ್ದರು. ಒಂದು ದಿನ ಇದನ್ನು ಅವರು ಓದ್ತಾರೆ, ಇಲ್ಲಾ ಯಾರೋ ಓದಿ ಹೇಳ್ತಾರೆ ಅನ್ನೋದು ನಿಮ್ಮ ತಲೆಯಲ್ಲಿತ್ತು. ಹಾಗಾಗಿ ಆ ಅಪ್ಪನಿಗೆ ಮರ್ಯಾದೆ ಕೊಟ್ಟು ಕೊಟ್ಟು ಅವನ ಬಾಯಿ ಕಟ್ಟಿದಿರಿ. ಅವನಿಗೆ ಸಿಟ್ಟಿಲ್ಲ, ಬೈಗುಳ ಇಲ್ಲ, ಹೆದರಿಕೆ ಇಲ್ಲ. 143ರಲ್ಲಿ ಅವನು ಸೋಲಬೇಕು, ಕಥೆ ಕೇಳುತ್ತಿರೋದು ಅದನ್ನೇ. ನೀವು ಸೋಲಲು ಬಿಟ್ಟಿಲ್ಲ. ಅಲ್ಲಿಂದ ಮುಂದೆ ಅವನು ಕಟ್ಟೆಯ ಮೇಲೆ ಸುಮ್ನೆ ಕೂತಿರ್ತಾನೆ, ಕಥೆಯೂ ಅವನ ಜೊತೆ ಕೂತುಬಿಟ್ಟಿದೆ. ನಿಮ್ಮ ಕೊನೆಯ ಹತ್ತು ಪುಟದಲ್ಲಿ ಬರೀ ಮಳೆ, ಜಾತ್ರೆ, ಹೊಲದ ತೊಗರಿಯ ವರ್ಣನೆ. ಚೆನ್ನಾಗಿಯೇ ಇದೆ, ಆದರೆ ಯಾರೂ ಏನೂ ಮಾಡ್ತಿಲ್ಲ.

ನಮ್ಮ ಭಾಗದಲ್ಲಿ ಬರೆಯುವವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ. ಮನೆಯಲ್ಲಿ ಒಂದು ಕನ್ನಡ, ಶಾಲೆಯಲ್ಲಿ ಓದಿದ್ದು ಮೈಸೂರು, ಬೆಂಗಳೂರು ಕಡೆಯ ಕನ್ನಡ. ಯಾರನ್ನು ಗೌರವಿಸ್ತೇವೋ ಅವರ ಬಾಯಿಗೆ ಶಾಲೆಯ ಕನ್ನಡ ಇಡ್ತೇವೆ, ನಗಿಸಲಿಕ್ಕೆ ಬರುವ ಪಾತ್ರಕ್ಕೆ ಮಾತ್ರ ನಮ್ಮ ಮಾತು. ನನಗೆ ಇದು ಬಹಳ ಬೇಸರ ತರಿಸುವ ಸಂಗತಿ. ಗಣಿಯಲ್ಲಿ ಉಳಿ ಸುತ್ತಿಗೆ ಹಿಡಿದು ಪದರ ಪದರವಾಗಿ ಕಲ್ಲು ಎಬ್ಬಿಸುವ ಮನುಷ್ಯ ದುಃಖದಲ್ಲಿ "ಹೋಗಲಾರೆ" ಅನ್ನಲ್ಲ. "ಕೈ ಏಳವಲ್ವು ಯವ್ವಾ. ನಾಳಿಂದ ಗಣಿಗಿ ಹೋಗಲ್ಲ ನಾ" ಅಂತಾನೋ ಏನೋ. ಇದು ನಾನು ಊಹಿಸಿ ಬರೆದದ್ದು. ನಿಮ್ಮ ತಂದೆಯವರು ಹೇಗೆ ಅನ್ನುತ್ತಿದ್ದರು ಅನ್ನೋದು ನಿಮ್ಮ ಕಿವಿಗೇ ಗೊತ್ತು.

ಸರಿ, ಈಗ ದಾರಿಗಳು.

ಮೊದಲಿಂದ ಹೊಸದಾಗಿ ಬರೆಯುವುದು. ಬಹಳ ಜನರಿಗೆ ಇದೇ ಶುದ್ಧವಾದ ದಾರಿ ಅನಿಸುತ್ತೆ, ನಾನು ಇದಕ್ಕೇ ಜಾಸ್ತಿ ಹೆದರೋದು. ನನಗೆ ಗೊತ್ತಿರುವ ಒಬ್ಬರು, ಬೀದರ ಕಡೆಯವರು, ಒಳ್ಳೆಯ ಕೈ, ಮೊದಲ ಅಧ್ಯಾಯವನ್ನು ಏಳು ಸಲ ಬರೆದರು. ಏಳನೆಯದು ಮೊದಲನೆಯದಕ್ಕಿಂತ ಚೊಕ್ಕವಾಗಿತ್ತು, ಅಷ್ಟೇ ಸಪ್ಪೆಯೂ ಆಗಿತ್ತು. ಎರಡನೇ ಅಧ್ಯಾಯಕ್ಕೆ ಅವರು ಹೋಗಲೇ ಇಲ್ಲ. ಇನ್ನೊಂದು ಅಪಾಯ ನಿಮಗೇ ವಿಶೇಷವಾಗಿ ಇದೆ. 27ರಲ್ಲಿ ನೀವು ಗಣಿಯ ಹತ್ತಿರವೇ ಇದ್ದಿರಿ. ಕಲ್ಲಿನ ಧೂಳು ಬೆವರಿಗೆ ಕೂತು ಅಪ್ಪನ ಕತ್ತಿನ ಮಡಿಕೆಯಲ್ಲಿ ಬಿಳಿ ಗೆರೆ ಮೂಡುತ್ತೆ ಅಂತ 9ನೇ ಪುಟದಲ್ಲಿ ಬರೆದಿದ್ದೀರಿ. ಅಂಥದ್ದು ಈಗ ಕೂತರೆ ಬರಲ್ಲ. ಅದನ್ನು ಕಳೆದುಕೊಳ್ಳಬೇಡಿ.

183ರಿಂದ ಮುಂದುವರಿಸುವುದು. ಸುಲಭ ಅನಿಸುತ್ತೆ. ಮುಕ್ಕಾಲು ಮುಗಿದು, ಕೊನೆ ಏನು ಅಂತ ಗೊತ್ತಿದ್ದವರಿಗೆ ಇದು ಸರಿ. ನಿಮಗೆ ಬೇಡ. ಗಂಟು ಹಿಂದೆಯೇ ಉಳಿಯುತ್ತೆ, 200ನೇ ಪುಟದ ಹೊತ್ತಿಗೆ ಮತ್ತೆ ನಿಲ್ಲುತ್ತೀರಿ, ಎರಡನೇ ಸಲ ನಿಂತದ್ದನ್ನು ಎತ್ತೋದು ಇನ್ನೂ ಕಷ್ಟ.

ಬಿಡಿಸಿ ಸಣ್ಣಕಥೆ ಮಾಡುವುದು. ಅಜ್ಜಿಯ ಅಧ್ಯಾಯ ಈಗಲೇ ಒಂದು ಪೂರ್ತಿ ಕಥೆಯಂತಿದೆ. ದೀಪಾವಳಿ ವಿಶೇಷಾಂಕಕ್ಕೆ ಕಳಿಸಬಹುದು, ಪ್ರಕಟವಾದರೆ ಧೈರ್ಯ ಬರುತ್ತೆ. ಆದರೆ ಎರಡು ವಿಷಯ ನೆನಪಿಡಿ. ಬಹಳ ಸ್ಪರ್ಧೆಗಳು ಅಪ್ರಕಟಿತ ಬರಹವನ್ನೇ ಕೇಳುತ್ತವೆ, ನಾಳೆ ಕಾದಂಬರಿಯನ್ನು ಎಲ್ಲಾದರೂ ಕಳಿಸುವಾಗ ನಿಯಮ ನೋಡಿಕೊಳ್ಳಬೇಕಾಗುತ್ತೆ. ಇನ್ನೊಂದು, ಕೆಲವರಿಗೆ ಒಂದು ತುಂಡು ಅಚ್ಚಾದ ಕೂಡಲೇ ಹಸಿವು ಇಂಗಿಬಿಡುತ್ತೆ. ನೀವು ಅಂಥವರಾ ಅಂತ ನಿಮಗೇ ಗೊತ್ತು.

ಬಿಟ್ಟುಬಿಡುವುದೂ ಒಂದು ದಾರಿಯೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಓದಿದ ಮೇಲೆ ಆ ಮನೆಯವರು ಮುಂದೆ ಏನಾದರು ಅಂತ ನಿಮಗೇ ಕುತೂಹಲ ಹುಟ್ಟದಿದ್ದರೆ ಬಿಡಿ.

ನಾನು ನಿಮಗೆ ಹೇಳೋದು ಇದ್ಯಾವುದೂ ಅಲ್ಲ. 142ರ ತನಕ ಇದ್ದದ್ದು ಹಾಗೇ ಇರಲಿ, ಕೈ ಹಚ್ಚಬೇಡಿ. 143ರಿಂದ ಹೊಸದಾಗಿ ಬರೆಯಿರಿ. 40 ಪುಟ ಹೋಗುತ್ತವೆ, ನೋವಾಗುತ್ತೆ, ಗೊತ್ತು. ಹರಿಯಬೇಡಿ, ಬೇರೆ ಫೈಲಿನಲ್ಲಿ ಇಡಿ. ಮೊದಲ 142 ಪುಟದಲ್ಲಿರುವ ಅಪ್ಪನ ಮಾತನ್ನು ಕೊನೆಗೆ ತಿದ್ದಿದರಾಯ್ತು, ಬಾಯಿ ಬಿಟ್ಟ ಅಪ್ಪ ಹೇಗಿರ್ತಾನೆ ಅಂತ ಮೊದಲು ನಿಮಗೆ ಗೊತ್ತಾಗಲಿ.

ಆದರೆ ಬರೆಯುವ ಮೊದಲು ಓದಬೇಕು. ಕೈಯಲ್ಲಿ ಪೆನ್ನು ಇಲ್ಲದೆ, ಎರಡು ಭಾನುವಾರ. ಪೆನ್ನು ಇದ್ದರೆ ಟೀಚರ್ ಎದ್ದು ಬರ್ತಾರೆ, ಕಾಗುಣಿತ ತಿದ್ದಲಿಕ್ಕೆ ಶುರು ಮಾಡ್ತಾರೆ. ಪಾತ್ರಗಳು ಮರೆತಿವೆ ಅಂತ ಚಿಂತೆ ಮಾಡಿದ್ದೀರಲ್ಲ, ಓದಿದ ಮೇಲೆ ಮುಕ್ಕಾಲು ಪಾಲು ತಿರುಗಿ ಬರುತ್ತವೆ. ಆಮೇಲೂ ಯಾವುದಾದರೂ ಪಾತ್ರ ನೆನಪಾಗದಿದ್ದರೆ ಆ ಪಾತ್ರ ಕಥೆಗೆ ಬೇಕಾಗಿಲ್ಲ ಅಂತ ತಿಳಿಯಿರಿ. ಮರೆವು ಇಲ್ಲಿ ಒಳ್ಳೆಯ ಕೆಲಸವನ್ನೇ ಮಾಡುತ್ತೆ.

ಓದುವಾಗ ಕಾಲದ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ನನಗೇ ಒಂದೆರಡು ಸಿಕ್ಕವು. ಕಥೆ 1995ರಲ್ಲಿದೆ, ಅಣ್ಣ ಮುಂಬೈಯಿಂದ ಪಕ್ಕದ ಮನೆಯವರ ಮೊಬೈಲಿಗೆ ಫೋನ್ ಮಾಡ್ತಾನೆ. ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದೇ 1995ರ ಜುಲೈ 31ಕ್ಕೆ, ಕಲ್ಕತ್ತಾದಿಂದ ದಿಲ್ಲಿಗೆ. ನಮ್ಮ ಕಡೆ ಆಗ ಎಸ್‌ಟಿಡಿ ಬೂತ್ ಇದ್ದರೆ ದೊಡ್ಡದು. ಹಾಗೇ "ಈಶಾನ್ಯ ಸಾರಿಗೆ ಬಸ್ಸು" ಅಂತ ಬರೆದಿದ್ದೀರಿ, ಆ ಸಂಸ್ಥೆ ಬಂದದ್ದು 2000ದಲ್ಲಿ. ಯಾದಗಿರಿ ಆಗ ಜಿಲ್ಲೆ ಆಗಿರಲಿಲ್ಲ, ನಮ್ಮ ಜಿಲ್ಲೆಯ ತಾಲೂಕು. ಶಹಾಬಾದೂ ಆಗ ಚಿತ್ತಾಪುರ ತಾಲೂಕಿನಲ್ಲೇ ಇತ್ತು. ಊರಿನ ಹೆಸರಿನ ಬಗ್ಗೆ ನೀವು ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೀರಿ. ಅದು ಸುಲಭ. ಗುಲ್ಬರ್ಗಾ ಸರ್ಕಾರಿ ಕಾಗದದಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಆದರೆ ನಮ್ಮ ಜನ ಬಾಯಲ್ಲಿ ಯಾವಾಗಲೂ ಕಲಬುರ್ಗಿ ಅಂತಲೇ ಅಂದದ್ದು. ಹಾಗಾಗಿ ಅಜ್ಜಿ "ಕಲಬುರ್ಗಿ" ಅನ್ನಲಿ, ಸ್ಟೇಷನ್ನಿನ ಬೋರ್ಡಿನಲ್ಲಿ ಗುಲ್ಬರ್ಗಾ ಇರಲಿ. ಇಂಥವನ್ನೆಲ್ಲ ಬೇರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಈಗಲೇ ತಿದ್ದಲಿಕ್ಕೆ ಕೂರಬೇಡಿ. ತಿದ್ದೋದು ಕೆಲಸ ಮಾಡಿದಂಗೆ ಅನಿಸುತ್ತೆ, ಒಂದು ತಿಂಗಳು ಹೋಗಿರುತ್ತೆ, ಕಥೆ ಒಂದು ಹೆಜ್ಜೆ ಮುಂದೆ ಹೋಗಿರಲ್ಲ.

ಒಂದಕ್ಕೆ ಮಾತ್ರ ಅವಸರ ಮಾಡಿ. ಅಜ್ಜಿ ರಜಾಕಾರರ, ಅಂದರೆ ನಿಜಾಮನ ಪರ ಇದ್ದ ಪಡೆಯವರ, ಕಾಲದ್ದು ಹೇಳುವ ಭಾಗ 58ನೇ ಪುಟದಲ್ಲಿದೆ, ಅಲ್ಲಿ "ಇನ್ನೂ ಕೇಳಿ ಬರೆಯಬೇಕು" ಅಂತ ಪೆನ್ಸಿಲಿನಲ್ಲಿ ಗುರುತಿದೆ. ಆ ಕಾಲ ಮುಗಿದ 1948ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷದವರಾಗಿದ್ದವರು ಈಗ 85 ದಾಟಿದ್ದಾರೆ. ನಿಮ್ಮೂರಿನಲ್ಲಿ ಇನ್ನೂ ಯಾರಾದರೂ ಇದ್ದರೆ ಕಾದಂಬರಿ ಆಮೇಲೆ, ಮೊದಲು ಅವರ ಹತ್ತಿರ ಹೋಗಿ ಕೂರಿ. ಅವರನ್ನು ಕೇಳಿ ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಸಿಡಿಯ ವಿಷಯಕ್ಕೆ ಬರ್ತೇನೆ. ಫೈಲು ಹಾಳಾಗಿಲ್ಲ. ಹಳೇ ನುಡಿ, ಬರಹ ಸಾಫ್ಟ್‌ವೇರುಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸ್ತಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರವೇ ಕಾಣುತ್ತೆ. ಮೊದಲು ಸಿಡಿಯಿಂದ ಫೈಲನ್ನು ಎರಡು ಕಡೆ ಕಾಪಿ ಮಾಡಿ, ಹಳೇ ಸಿಡಿಯನ್ನು ನಂಬುವ ಹಾಗಿಲ್ಲ. ಮೂಲ ಫೈಲನ್ನು ತೆರೆದು ಸೇವ್ ಮಾಡಬೇಡಿ. ಕಾಪಿಯನ್ನು ಯೂನಿಕೋಡಿಗೆ, ಅಂದರೆ ಈಗಿನ ಕಂಪ್ಯೂಟರು, ಮೊಬೈಲುಗಳಲ್ಲಿ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಪರಿವರ್ತಿಸಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ. ಕನ್ನಡ ಡಿಟಿಪಿ ಮಾಡುವವರಿಗೂ ಗೊತ್ತಿರುತ್ತೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಹಳೇ ಪ್ರಿಂಟ್ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ನೋಟ್‌ಬುಕ್ಕಿನ ಉಳಿದ ಪುಟಗಳನ್ನೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದಿಡಿ. ಗೆದ್ದಲಿಗೆ ಒಂದು ಮಳೆಗಾಲ ಸಾಕು.

ಸಮಯದ ಲೆಕ್ಕ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಅಂದರೆ 1,500 ಪದ. ನಿಮ್ಮ ಕಥೆಗೆ ಇನ್ನು 25,000 ಪದ ಬೇಕು ಅಂತಿಟ್ಟುಕೊಂಡರೆ 17 ವಾರ, ನಾಲ್ಕು ತಿಂಗಳು. ಮೂಡ್ ಬರಲಿ ಅಂತ ಕಾಯಬೇಡಿ, ಕೂತ ಮೇಲೆ ಬರುತ್ತೆ. "ಬೇಸಿಗೆ ರಜೆಯಲ್ಲಿ ಒಂದೇ ಸಲ ಮುಗಿಸ್ತೀನಿ" ಅನ್ನೋ ಯೋಚನೆಯನ್ನೂ ಬಿಡಿ. ನಮ್ಮ ಏಪ್ರಿಲ್, ಮೇ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟ್ ಹೋಗಿರುತ್ತೆ, ಮನೆ ತುಂಬ ನೆಂಟರು. ನಿಮಗೆ ಎಸ್ಸೆಸ್ಸೆಲ್ಸಿ ಪೇಪರ್ ನೋಡುವ ಕೆಲಸ ಬೇರೆ. ಬೆಳಗ್ಗೆ ಐದರಿಂದ ಮುಕ್ಕಾಲು ಗಂಟೆ, ಅಷ್ಟು ಸಾಕು. ಕೈಯಲ್ಲಿ ಬರೆಯಲು ಬೇಜಾರಾದರೆ ಮೊಬೈಲಿಗೆ ಹೇಳಿ ಬರೆಸಬಹುದು, ಆದರೆ ನಮ್ಮ ಕಡೆಯ ಮಾತು ಅದಕ್ಕೆ ಅಷ್ಟು ಅರ್ಥ ಆಗಲ್ಲ, "ಹೋಗ್ಲತ್ತೀನಿ" ಅಂದರೆ ಇನ್ನೇನೋ ಬರೆಯುತ್ತೆ. ಸಂಭಾಷಣೆಯನ್ನು ಕೈಯಲ್ಲೇ ಬರೆಯಿರಿ.

ಕೊನೆಯಲ್ಲಿ ನೀವು ಒಂದು ಸಾಲಿನಲ್ಲಿ ಕೇಳಿದ್ದು, ಸಂಬಂಧಿಕರು ಗುರುತು ಹಿಡಿದರೆ ಏನು ಅಂತ. ಹಿಡೀತಾರೆ. ತಮ್ಮದಲ್ಲದ ಪಾತ್ರದಲ್ಲೂ ತಮ್ಮನ್ನೇ ಕಾಣ್ತಾರೆ. ನಿಮ್ಮ ಅಪ್ಪನ ಪಾತ್ರಕ್ಕಿಂತ ನನಗೆ ಚಿಂತೆ ಆ ಮುಕಾದಮನದ್ದು, ಕೂಲಿಯವರ ಮೇಸ್ತ್ರಿಯದ್ದು, ಪಗಾರದಲ್ಲಿ ಮುರಿದುಕೊಳ್ಳುವವನು. ನಿಜವಾದ ಒಬ್ಬ ಮನುಷ್ಯನನ್ನು ಹಾಗೇ ಇಳಿಸಿದ್ದರೆ ಬದಲಾಯಿಸಿ. ಹೆಸರೊಂದೇ ಬದಲಾದರೆ ಸಾಲದು, ಊರು, ವಯಸ್ಸು, ಮನೆಯ ಸ್ಥಿತಿ ಬದಲಾಗಲಿ, ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿ. "ಎಲ್ಲ ಕಾಲ್ಪನಿಕ" ಅಂತ ಮೊದಲ ಪುಟದಲ್ಲಿ ಬರೆದ ಮಾತ್ರಕ್ಕೆ ಮಾನಹಾನಿ ಕಾನೂನಿನಿಂದ ಪೂರ್ತಿ ರಕ್ಷಣೆ ಸಿಗಲ್ಲ. ತೀರಿಕೊಂಡವರ ಬಗ್ಗೆ ಬರೆದು ಅವರ ಮನೆಯವರನ್ನು ನೋಯಿಸುವ ಉದ್ದೇಶವಿದ್ದರೆ ಅದೂ ಈ ಕಾನೂನಿನೊಳಗೆ ಬರುತ್ತೆ. ಮುಗಿಯುವ ತನಕ ಮನೆಯವರಿಗೆ ತೋರಿಸಬೇಡಿ, "ಎಲ್ಲಿಗೆ ಬಂತು" ಅಂತ ದಿನಾ ಕೇಳುವವರಿಗಂತೂ ಹೇಳಲೇಬೇಡಿ. ಓದಲಿಕ್ಕೆ ಒಬ್ಬರು ಸಾಕು, ಬರೆಯದವರು, ಓದುವ ಚಟ ಇರುವವರು ಆದರೆ ಒಳ್ಳೆಯದು.

ಓದಿ ಮುಗಿದ ಮೇಲಿನ ಸೋಮವಾರ ಬೆಳಗ್ಗೆ ಕೂತು 143ನೇ ಪುಟ ಒಂದನ್ನೇ ಬರೆಯಿರಿ. ಅಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ, ಮಗಳು ನೀರು ತರ್ತಾಳೆ. ನೀವು ಬರೆಯುವ ಮೊದಲು ಅವನ ಮಾತನ್ನು ಬಾಯಲ್ಲಿ ಒಂದು ಸಲ ಜೋರಾಗಿ ಅಂದು ನೋಡಿ, ನಿಮ್ಮ ಮನೆಯ ಮಾತಿನಲ್ಲಿ. ಅವನು ಏನಂದ ಅಂತ ನನಗೂ ಬರೆದು ತಿಳಿಸಿ.